ದಿಬ್ಬದ ಹಣೆಗೆ ಹಸಿರು ಬೊಟ್ಟು

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಬಳಿಚಕ್ರ ಊರಿನ ಬೋಳು ದಿಬ್ಬ ಒಮ್ಮೆ ಹಣೆಗೆ ಹಸಿರು ಬೊಟ್ಟಿಟ್ಟುಕೊಂಡಿತ್ತು. ನೆಲದ ಮೇಲಲ್ಲ, ಯಶೋಧರಾಳ ನಕ್ಷೆಯಲ್ಲಿ.

ಭೀಮರಾಯನಗುಡಿಯಲ್ಲಿ ಕೃಷಿ ಎಂ.ಎಸ್ಸಿ. ಓದುತ್ತಿದ್ದ ಅವಳು ಬಳಿಚಕ್ರದ ಹಳ್ಳದ ಜಲಾನಯನವನ್ನೆಲ್ಲ ಸುತ್ತಿ, ಚೌಕ ಚೌಕಕ್ಕೂ ಮಣ್ಣು ಅಗೆದು ತಂದು, ಸತ್ವ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದು ಬಣ್ಣ ತುಂಬಿದ್ದಳು. ಹಳ್ಳದ ದಂಡೆ ಹಸಿರು, ದಿಬ್ಬ ಹಳದಿ. ಸರಿಯೇ. ಆದರೆ ದಿಬ್ಬದ ನೆತ್ತಿಯಲ್ಲಿ, ದೇವಕಮ್ಮನ ಹೊಲದ ಮೇಲೆ, ದಟ್ಟ ಹಸಿರು!

ನಾಳೆ ಊರಿನವರಿಗೆ ನಕ್ಷೆ ತೋರಿಸಬೇಕು. “ನೀ ಹಾಕಂದ್ರ ಗೊಬ್ಬರ ಹಾಕ್ತೀನವ್ವ, ಬ್ಯಾಡಂದ್ರ ಬಿಡ್ತೀನಿ,” ಎಂದಿದ್ದಳು ದೇವಕಮ್ಮ. ಆ ಮಾತು ನೆನಪಾದಾಗಲೆಲ್ಲ ಯಶೋಧರಾ ಮತ್ತೆ ನಕ್ಷೆ ಬಿಚ್ಚಿ ನೋಡುತ್ತಿದ್ದಳು. ಮಣ್ಣಿನ ಒಂದು ಚೀಲ ಅದಲುಬದಲಾಗಿದ್ದರೆ ಉಳಿದವೆಲ್ಲ ಸರಿ ಎನ್ನುವುದು ಹೇಗೆ?

ಸಹಪಾಠಿ ದೇವಿಂದ್ರನ ಬೈಕ್ ಹತ್ತಿ ದಿಬ್ಬಕ್ಕೆ ಹೊರಟಳು. ಅವನು ದಾರಿಯಲ್ಲಿ ಸಂಶೋಧನೆಯ ಗೈಡ್ ರೇಣುಕಾದೇವಿ ಮೇಡಂ ದನಿ ತೆಗೆದ: “ಯಶೋಧರಾ, ವೇರ್ ಈಸ್ ಯುವರ್ ಡೇಟಾ?”

“ಸುಮ್ಕಿರೋ! ಇಲ್ಲಿ ನನ್ನ ಜೀವ ಹೋಗಾಕತ್ತದ.”

ಕನ್ನಡಿಯಲ್ಲಿ ಅವನ ಕಣ್ಣು ಅವಳ ಕಣ್ಣಿಗೆ ಸಿಕ್ಕಿತು. ಸಿಕ್ಕಿದ್ದೇ ತಡ, ರಸ್ತೆಗೆ ಓಡಿತು.

ದಿಬ್ಬದ ಮೇಲೆ ಕಾಲಿಗೆ ತಾಕಿದ್ದು ಬರೀ ಕೆಂಪು ಗರಸು. ಇಲ್ಲಿಯದೆಂದು ಲ್ಯಾಬಿಗೆ ಕೊಟ್ಟು ಚೀಲದಲ್ಲಿ ಉಳಿದಿದ್ದ ಮಣ್ಣೋ ಕಪ್ಪು, ಹಿಟ್ಟಿನಂತೆ ನುಣುಪು. ಅದಕ್ಕೆ ಆ್ಯಸಿಡ್ ಹನಿಸಿದಳು. ಈ ಗರಸಿನಲ್ಲಿ ಇಲ್ಲದ ಸುಣ್ಣವಿದ್ದರೆ ಮಾತ್ರ ನೊರೆ. ಬುಸಬುಸನೆ ಬಂತು! ನೊರೆಯ ಪಕ್ಕದಲ್ಲಿ ಗುಲಾಬಿ ಪುಡಿಯ ನಾಲ್ಕು ಕಣ.

“ದೇವಿಂದ್ರ, ಗುಡ್ಡದ ಮ್ಯಾಲ ಯಾರು ರಂಗೋಲಿ ಹಾಕ್ಯಾರ?”

ಅವನು ಹೆಲ್ಮೆಟ್ಟಿನ ಪಟ್ಟಿ ತಿರುಚತೊಡಗಿದ. “ನಮ್ಮವ್ವ ಹಾಕ್ಯಾಳ. ಇಲ್ಲಲ್ಲ, ನಮ್ಮೂರು ಬೋನಾಳದಾಗ. ನಮ್ಮ ಮನಿ ಅಂಗಳದಾಗ. ಆ ಮಣ್ಣ ನಿನ್ನ ಚೀಲಕ್ಕ ನಾನೇ ತುಂಬಿದ್ದೆ.”

ದಿನಾ ಸೆಗಣಿ ಸಾರಿಸುವ ಅಂಗಳ. ಸತ್ವಕ್ಕೇನು ಕಮ್ಮಿ? ಯಶೋಧರಾ ಅವನತ್ತ ತಿರುಗಿದಳು. “ಯಾಕೋ?”

“ಜರಡಿ ಹಿಡಿವಾಗ ರಂಗೋಲಿ ನೋಡ್ತಿ, ನನ್ನ ಬೈತಿ, ಆವಾಗ ಹೇಳಬೇಕಂತ ಮಾಡಿದ್ದೆ. ನೀ ನನ್ನ ಮಿಮಿಕ್ರಿಗಿ ನಕ್ಕೋತ ಜರಡಿ ಹಿಡದಿ. ಲ್ಯಾಬಿಗೇ ಹೋಗಿಬಿಡ್ತು. ಆಮ್ಯಾಲ ಬಾಯಿ ಬಿಡಾಕ ಹೆದರಿಕಿ ಆತು.” ಬೈಕಿನ ಡಬ್ಬಿಯಿಂದ ಒಂದು ಚೀಲ ತೆಗೆದ. “ಖರೇ ಮಣ್ಣು ಇಲ್ಲೇ ಅದ.”

“ಏನ್ ಹೇಳಬೇಕಂತ ಮಾಡಿದ್ದಿ?”

“ಯಶೋಧರಾ, ದಿಸ್ ಬಾಯ್...” ಮತ್ತೆ ಮೇಡಂ ದನಿ.

“ನಿನ್ನ ದನಿಯಾಗ ಹೇಳು.”

ಊರಿನವರ ದನಿಯೆಲ್ಲ ಬರುತ್ತಿದ್ದವನಿಗೆ ತನ್ನದೊಂದೇ ಸಿಗಲಿಲ್ಲ. ಕೊನೆಗೆ ಸಣ್ಣಗೆ ಹೊರಟಿತು: “ಆ ಅಂಗಳಕ್ಕ ನೀ ಬಂದ್ರ... ಛಲೋ ಇತ್ತು.”

ಯಶೋಧರಾ ಚೀಲ ಕಸಿದುಕೊಂಡಳು. “ಮೊದಲು ಇದು ಇವತ್ತೇ ಲ್ಯಾಬಿಗಿ ಹೋಗಬೇಕು. ದೇವಕಮ್ಮಗ ಸುಳ್ಳು ನಕ್ಷಾ ತೋರ್ಸಂಗಿಲ್ಲ ನಾ.” ಅವನ ಮುಖ ಬಾಡುವವರೆಗೂ ಕಾದು ಮುಂದುವರಿಸಿದಳು, “ಇನ್ನ ನಿಮ್ಮ ಅಂಗಳ. ಸತ್ವ ಅದ. ಆದ್ರ ಒಂದ್ ಚೀಲ ನೋಡಿ ಹೇಳಾಕ ಬರಂಗಿಲ್ಲ. ನಾನೇ ಬಂದು ನಾಕ್ ಕಡಿ ಅಗದು ನೋಡಬೇಕು.”

“ಅಯ್ಯ, ಅಂಗಳ ಅಗದ್ರ ನಮ್ಮವ್ವ ಕಸಬರಿಗಿ ತಗೋತಾಳ!”

ಅಷ್ಟೊತ್ತು ಯಶೋಧರಾಳ ಎದೆಯಲ್ಲಿ ಬಿಗಿದುಕೊಂಡಿದ್ದೆಲ್ಲ ನಗುವಾಗಿ ಒಡೆಯಿತು. ಅವನೂ ನಕ್ಕ, ಆದರೆ ಅವಳಷ್ಟು ಜೋರಾಗಿ ಅಲ್ಲ. ಆಚೆ ಬದುವಿನಲ್ಲಿ ಕಳೆ ತೆಗೆಯುತ್ತಿದ್ದ ದೇವಕಮ್ಮ ಕುರ್ಪಿ ನಿಲ್ಲಿಸಿ ಎದ್ದು ನೋಡಿದ್ದು ಅವಳ ನಗೆಗೇ.