ಎಣಿಸುವ ಬೆರಳು

“ಎಳೀಲಾ?” ಎಂದು ಕೇಳುವಷ್ಟರಲ್ಲಿ ಜನರೇಟರಿನ ಹಗ್ಗ ಗಡಿಬಿಡಿಯ ಕೈಯಲ್ಲಿತ್ತು.

“ಕೈ ತೆಗಿ. ಮೊದಲು ಬೆರಳು,” ಎಂದರು ಚಿಕ್ಕಮ್ಮ.

ಗಡಿಬಿಡಿ ಎನ್ನುವುದು ಅವಳ ಹೆಸರೇನಲ್ಲ. ಆದರೆ ಒಂದು ಕಾಲಿಗೆ ತನ್ನ ಶೂ, ಇನ್ನೊಂದಕ್ಕೆ ಅಮ್ಮನ ಚಪ್ಪಲಿ ಹಾಕಿಕೊಂಡು ಸ್ಕೂಲ್ ಗೇಟಿನವರೆಗೂ ಹೋದ ಹುಡುಗಿಯನ್ನು ಇನ್ನೇನೆಂದು ಕರೆಯುತ್ತೀರಿ? ಮೊದಲು ಕ್ಲಾಸಿನವರು ಕರೆದರು. ಆಮೇಲೆ ಮನೆಯವರಿಗೂ ಅದೇ ಬಾಯಿಗೆ ಬಂತು.

ಸಂಜೆಯ ಗಾಳಿಮಳೆಗೆ ಕರೆಂಟ್ ಹೋಗಿತ್ತು. ಮನೆಯ ಹಿಂದಿನ ಕೋಣೆಯಲ್ಲಿ ಚಿಕ್ಕಮ್ಮನ ಮರಿಪೆಟ್ಟಿಗೆ ತಣ್ಣಗಾಗುತ್ತಿತ್ತು. ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಅದು. ಅದರೊಳಗೆ ತಟ್ಟೆಗಳಲ್ಲಿ ಕೋಳಿಮೊಟ್ಟೆ ಜೋಡಿಸಿ, ಕರೆಂಟಿನಿಂದ ಕಾವು ಕೊಟ್ಟು ಮರಿ ಮಾಡಿಸುವುದು ಚಿಕ್ಕಮ್ಮನ ಕೆಲಸ. ವಾರಗಟ್ಟಲೆ ಕಾದ ಮೊಟ್ಟೆಗಳು ಇವತ್ತು ಒಡೆಯಲು ಶುರುವಾಗಿದ್ದವು. ಆಗಲೇ ಹೊರಬಂದ ಮರಿಗಳು ಪಕ್ಕದ ರಟ್ಟಿನ ಡಬ್ಬದಲ್ಲಿ ಚಿಂವ್ ಚಿಂವ್ ಎಂದು ಕೋಣೆಯನ್ನೇ ತಲೆ ಮೇಲೆ ಹೊತ್ತಿದ್ದವು. ಈಗ ಕಾವು ತಪ್ಪಿದರೆ ಮೊಟ್ಟೆಯೊಳಗಿನ ಮರಿಗಳು ಒಳಗೇ ಸಾಯುತ್ತವೆ.

ಚಿಕ್ಕಮ್ಮನ ಹೆಬ್ಬೆರಳು ಕಿರುಬೆರಳಿನ ತುದಿ ಮುಟ್ಟಿತು. “ಇದು?”

“ಆಯಿಲ್ ನೋಡಬೇಕು.”

ಹೆಬ್ಬೆರಳು ಉಂಗುರದ ಬೆರಳಿಗೆ ಬಂತು. “ಇದು?”

“ಪೆಟ್ರೋಲ್ ನೋಡಬೇಕು. ಕಾಕ್ ತಿರುಗಿಸಿ ಪೆಟ್ರೋಲ್ ಬಿಡಬೇಕು.”

“ಇದು?” ನಡುಬೆರಳು.

“ಪ್ಲಗ್ ಯಾವುದೂ ಹಾಕಿರಬಾರದು. ಬರಿ ಮಿಷನ್ ಶುರುವಾಗಬೇಕು. ತೋರುಬೆರಳು ಚೋಕು, ಸ್ವಿಚ್ಚು. ಆಮೇಲೆ ಹಗ್ಗ. ಮಿಷನ್ ಓಡಿದ ಮೇಲೇ ಪ್ಲಗ್. ಆಯ್ತಲ್ಲ ಚಿಕ್ಕಮ್ಮ, ಎಳೀಲಾ?”

“ನಿಲ್ಲಿಸೋದು?”

“ಅದೇ ಬೆರಳು ವಾಪಸ್. ಮೊದಲು ಪ್ಲಗ್ ಕೀಳು. ಸ್ವಲ್ಪ ಹೊತ್ತು ಸುಮ್ನೆ ಓಡಲಿ. ಆಮೇಲೆ ಸ್ವಿಚ್ಚು, ಕೊನೆಗೆ ಕಾಕ್.”

ಕಡೆಯದನ್ನು ಚಿಕ್ಕಮ್ಮ ಬೇಕೆಂದೇ ಕೇಳಿದ್ದು. ಹೋದ ಸಲ ಗಡಿಬಿಡಿ ಪ್ಲಗ್ ಕೀಳದೆ ಟಪ್ ಅಂತ ಸ್ವಿಚ್ಚು ಆಫ್ ಮಾಡಿದ್ದಳು. ಆ ಬೈಗುಳದ ಬಿಸಿ ಇನ್ನೂ ಆರಿರಲಿಲ್ಲ.

ಜನರೇಟರಿನ ಜಾಗ ಹಿತ್ತಿಲ ಕೊನೆಯ ಮೂಲೆ, ತಗಡಿನ ಮಾಡಿನ ಕೆಳಗೆ. ಇವತ್ತು ಗಾಳಿ ಆ ತಗಡನ್ನೇ ಹಾರಿಸಿಕೊಂಡು ಹೋಗಿತ್ತು. ಹಾಗಾಗಿ ಚಿಕ್ಕಮ್ಮ ಅದನ್ನು ಎಳೆದು ತಂದು ಹಿಂದಿನ ಜಗುಲಿಯಲ್ಲಿ, ಕೋಣೆಯ ಬಾಗಿಲ ಪಕ್ಕದಲ್ಲೇ ಇಟ್ಟಿದ್ದರು.

“ಇಲ್ಲಿ ಇಡಬಹುದಾ?” ಎಂದಳು ಗಡಿಬಿಡಿ. “ಇದು ಬಿಡೋ ಉಸಿರು ನಾವು ತಗೋಬಾರದು ಅಂತ ನೀನೇ ಹೇಳಿದ್ದೆ.”

“ಮತ್ತೆ ಮಳೇಲಿ ನೆನೆಸ್ಲಾ? ಜಗುಲಿ ಹೊರಗೇ ತಾನೆ? ಮೊಟ್ಟೆ ತಣ್ಣಗಾಗ್ತಿದೆ, ನಿನ್ನ ಪ್ರಶ್ನೆ ಆಮೇಲೆ ಕೇಳು.”

ಚಿಕ್ಕಮ್ಮ ಹಗ್ಗ ಎಳೆದರು. ಎರಡನೇ ಎಳೆತಕ್ಕೆ ಜನರೇಟರ್ ಗುಡುಗುಡು ಎಂದಿತು. ಎರಚಲು ಒಳಗೆ ಹೊಡೆಯುತ್ತಿದ್ದುದರಿಂದ ಅವರು ಜಗುಲಿಗೆ ಟಾರ್ಪಾಲು ಇಳಿಬಿಟ್ಟು, ಅದರ ಅಂಚಿಗೆ ಇಟ್ಟಿಗೆ ಹೇರಿದರು. ಕೋಣೆಯ ಕಿಟಕಿ ಸಂದುಗಳಿಗೆ ಬೆಳಗ್ಗೆಯೇ ಹಳೇ ಬಟ್ಟೆ ತುರುಕಿಯಾಗಿತ್ತು. ಮರಿ ಹುಟ್ಟುವ ದಿನ ತಣ್ಣನೆ ಗಾಳಿ ನುಸುಳಬಾರದು ಎನ್ನುವುದು ಅವರ ಕೆಲಸದ ಪದ್ಧತಿ. ವೈರು ಹಾಯಬೇಕಲ್ಲ, ಜಗುಲಿಯ ಕಡೆಯ ಬಾಗಿಲು ಮಾತ್ರ ಒಂದು ಗೇಣು ತೆರೆದಿತ್ತು.

ಗಡಿಬಿಡಿ ಮುಂದಿನ ಕೋಣೆಗೆ ಹೋಗಿ ಟಾರ್ಚ್ ಬೆಳಕಿನಲ್ಲಿ ಹೋಂವರ್ಕ್ ಹಿಡಿದು ಕೂತಳು. ಅಮ್ಮ ಡ್ಯೂಟಿ ಮುಗಿಸಿ ಬರುವುದು ತಡವಾಗುತ್ತಿತ್ತು. ಮೂರು ಲೆಕ್ಕ ಮುಗಿದವು. ನಾಲ್ಕನೆಯದು ಜಪ್ಪಯ್ಯ ಅಂದರೂ ಬರಲಿಲ್ಲ. ಚಿಕ್ಕಮ್ಮನನ್ನು ಕೇಳೋಣವೆಂದು ಹಿಂದಕ್ಕೆ ಹೋದಳು.

ಬಾಗಿಲು ತೆಗೆದಾಗ ಏನೋ ಕಡಿಮೆಯಾಗಿದೆ ಅನ್ನಿಸಿತು. ಜನರೇಟರ್ ಓಡುತ್ತಿತ್ತು, ಬಲ್ಬು ಉರಿಯುತ್ತಿತ್ತು, ಪೆಟ್ಟಿಗೆಯ ಫ್ಯಾನೂ ತಿರುಗುತ್ತಿತ್ತು. ಆದರೆ ಮರಿಗಳ ಸದ್ದಿರಲಿಲ್ಲ.

ಡಬ್ಬದಲ್ಲಿ ಮರಿಗಳು ಕತ್ತು ಚಾಚಿ, ಕೊಕ್ಕು ತೆರೆದು ಒರಗಿದ್ದವು. ಚಿಕ್ಕಮ್ಮ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಮರಿ ಹುಟ್ಟುವ ದಿನ ಅವರು ಕೂತದ್ದನ್ನು ಗಡಿಬಿಡಿ ಕಂಡೇ ಇರಲಿಲ್ಲ.

“ಚಿಕ್ಕಮ್ಮ?”

“ತಲೆ ಸಿಡೀತಿದೆ ಕಣೆ,” ಎಂದರು ಚಿಕ್ಕಮ್ಮ. ಮಾತು ತೊದಲುತ್ತಿತ್ತು. “ಸ್ವಲ್ಪ ಮಲಗ್ತೀನಿ. ನೀನು ಮೊಟ್ಟೆ ನೋಡ್ಕೊ.”

ಇದು ಬಿಡೋ ಉಸಿರು ನಾವು ತಗೋಬಾರದು. ಜನರೇಟರಿನ ಬಗ್ಗೆ ಚಿಕ್ಕಮ್ಮನೇ ಹೇಳಿದ್ದ ಮಾತು ಗಡಿಬಿಡಿಗೆ ನೆನಪಾಯಿತು.

ಅವಳು ಉಸಿರು ಬಿಗಿಹಿಡಿದಳು. ಚಿಕ್ಕಮ್ಮನ ಎರಡೂ ಕೈ ಹಿಡಿದು ಎಳೆದಳು. ಚಿಕ್ಕಮ್ಮ ಅರ್ಧ ಎದ್ದು, ಅರ್ಧ ತೆವಳಿ ಬಂದರು. “ಮರಿ, ಮರಿ,” ಎಂದು ಗೊಣಗುತ್ತಲೇ ಇದ್ದರು. ಮುಂಬಾಗಿಲು ದಾಟಿ ಮೆಟ್ಟಿಲ ಮೇಲೆ ಬಂದಾಗ ಮಳೆ ಇಬ್ಬರ ಮುಖಕ್ಕೂ ರಪ್ಪನೆ ಹೊಡೆಯಿತು. ಅಷ್ಟು ಒಳ್ಳೆಯ ಮಳೆಯನ್ನು ಗಡಿಬಿಡಿ ಕಂಡಿರಲಿಲ್ಲ.

“ಟೈಲರಮ್ಮಾ,” ಎಂದು ಅವಳು ಪಕ್ಕದ ಮನೆಯತ್ತ ಗಂಟಲು ಹರಿಯುವಂತೆ ಕೂಗಿದಳು. ಆ ಮನೆಯಲ್ಲಿ ಒಂದು ಟಾರ್ಚ್ ಹೊತ್ತಿಕೊಂಡಿತು.

ಗಡಿಬಿಡಿ ಮತ್ತೆ ಒಳಗೆ ಹೋಗಲಿಲ್ಲ. ಮನೆಯ ಹೊರಗಿನಿಂದಲೇ ಸುತ್ತಿಕೊಂಡು ಹಿತ್ತಿಲಿಗೆ ಓಡಿದಳು. ಇಟ್ಟಿಗೆಯನ್ನು ಕಾಲಿನಿಂದ ತಳ್ಳಿ ಟಾರ್ಪಾಲು ಎತ್ತಿದಳು. ಬಿಸಿ ಹೊಗೆ ದಬ್ಬೆಂದು ಹೊರಗೆ ನುಗ್ಗಿತು. ಮುಖ ತಿರುಗಿಸಿ, ಉಸಿರು ಹಿಡಿದು, ಸ್ವಿಚ್ಚಿಗೆ ಕೈ ಚಾಚಿದಳು.

ಕೈ ಅಲ್ಲೇ ನಿಂತಿತು. ಮೊದಲು ಪ್ಲಗ್ ಕೀಳಬೇಕು. ಆಮೇಲೆ ಸುಮ್ನೆ ಓಡಲಿ. ಹಾಗಂತ ಕಾಯುತ್ತಾ ನಿಂತರೆ ಹೊಗೆ ಇನ್ನೂ ಒಳಗೆ ಹೋಗುತ್ತದೆ. ನಿಲ್ಲಿಸಿದರೆ ಮೊಟ್ಟೆಗಳ ಗತಿ?

ಟಪ್. ಅವಳು ಸ್ವಿಚ್ಚು ಆಫ್ ಮಾಡಿದಳು.

ಬಲ್ಬು ಆರಿತು. ಮೊಟ್ಟೆಗಳನ್ನೆಲ್ಲ ತಾನೇ ಕೈಯಾರೆ ಕೊಂದೆ ಅನ್ನಿಸಿ ಗಡಿಬಿಡಿಗೆ ಅಳು ಒತ್ತರಿಸಿ ಬಂತು.

ಟೈಲರಮ್ಮನ ಗಂಡ ವ್ಯಾನ್ ಡ್ರೈವರ್. ಅವರು ಮೂಗಿಗೆ ಟವೆಲ್ ಕಟ್ಟಿಕೊಂಡು ಹೋಗಿ ಕಿಟಕಿ ಬಾಗಿಲುಗಳನ್ನೆಲ್ಲ ತೆರೆದು, ಮರಿಗಳ ಡಬ್ಬವನ್ನು ಹೊರಗೆ ತಂದಿಟ್ಟರು. ಆಮೇಲೆ ಚಿಕ್ಕಮ್ಮನನ್ನು ವ್ಯಾನಿನಲ್ಲಿ ಕೂರಿಸಿದರು.

“ನಿಂಗೆ ತಲೆನೋವು ಇದೆಯೇನಮ್ಮ?”

“ಇಲ್ಲ ಮಾವ. ಚಿಕ್ಕಮ್ಮನಿಗೆ ಏನೂ ಆಗಲ್ಲ ಅಲ್ವಾ?”

“ಎಚ್ಚರ ಇದೆ. ಆಸ್ಪತ್ರೇಲಿ ಆಕ್ಸಿಜನ್ ಕೊಡ್ತಾರೆ.” ಏನೂ ಆಗಲ್ಲ ಅಂತ ಅವರು ಹೇಳಲಿಲ್ಲ. ಗಡಿಬಿಡಿಗೆ ಅದು ಗೊತ್ತಾಯಿತು.

ವ್ಯಾನ್ ಹೋದ ಮೇಲೆ ಟೈಲರಮ್ಮ ಅವಳ ಒದ್ದೆ ತಲೆ ಒರೆಸಿದರು. ಮಳೆ ನಿಂತಿತ್ತು. ಡಬ್ಬದೊಳಗಿಂದ ಒಂದು ಸಣ್ಣ ಚಿಂವ್ ಕೇಳಿಸಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಒಂದೊಂದಾಗಿ ಮರಿಗಳು ತಲೆ ಎತ್ತಿದವು. ಒಂದು ಮಾತ್ರ ಏಳಲಿಲ್ಲ. ಗಡಿಬಿಡಿ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಾಯಿಂದ ಬಿಸಿ ಊದಿದಳು, ಬೆರಳಲ್ಲಿ ತಟ್ಟಿದಳು. ಆದರೂ ಅದು ಏಳಲಿಲ್ಲ.

“ಪೆಟ್ಟಿಗೆ ಇನ್ನೂ ಸ್ವಲ್ಪ ಬೆಚ್ಚಗಿದೆ,” ಎಂದರು ಟೈಲರಮ್ಮ. “ಆದರೆ ನಂಗೆ ಹೊಲಿಗೆ ಮಿಷನ್ ಬಿಟ್ಟು ಬೇರೆ ಮಿಷನ್ ಗೊತ್ತಿಲ್ಲ ಕಣಮ್ಮ.”

“ನಂಗೆ ಗೊತ್ತು,” ಎಂದಳು ಗಡಿಬಿಡಿ.

ಇಬ್ಬರೂ ಸೇರಿ ಜನರೇಟರನ್ನು ಹಿತ್ತಿಲ ಕೊನೆಯ ಮೂಲೆಗೆ ಎಳೆದರು. ಅದರ ಹೊಗೆಕೊಳವೆ ಕಾಂಪೌಂಡಿನ ಕಡೆ ತಿರುಗುವ ಹಾಗೆ, ಒಣ ಹಲಗೆಯ ಮೇಲೆ ನಿಲ್ಲಿಸಿದರು. ಜಗುಲಿ ಬಾಗಿಲು ಮುಚ್ಚಿ, ವೈರನ್ನು ಕಿಟಕಿಯ ಸಂದಿನಿಂದ ತಂದರು. ಕಿರುಬೆರಳು, ಆಯಿಲ್ ಇತ್ತು. ಉಂಗುರದ ಬೆರಳು, ಪೆಟ್ರೋಲ್ ತಳ ಕಂಡಿತ್ತು. ಟೈಲರಮ್ಮ ಕ್ಯಾನ್ ಎತ್ತಿಕೊಂಡು ಬಂದರು.

“ಈಗ ಬೇಡ,” ಎಂದಳು ಗಡಿಬಿಡಿ. “ಮಿಷನ್ ಬಿಸಿ ಇದೆ. ಬಿಸಿ ಇದ್ದಾಗ ಪೆಟ್ರೋಲ್ ಚೆಲ್ಲಿದರೆ ಬೆಂಕಿ ಹತ್ತುತ್ತೆ. ಆರಬೇಕು.”

“ಮೊಟ್ಟೆ ಆರ್ತಾ ಇದೆಯಲ್ಲೇ.”

“ಗೊತ್ತು.”

ಅವಳು ಮರಿಪೆಟ್ಟಿಗೆಗೆ ಕಂಬಳಿ ಹೊದಿಸಿ ಬಂದು ಜನರೇಟರಿನ ಎದುರು ಕುಕ್ಕರುಗಾಲಲ್ಲಿ ಕೂತಳು. ಅನ್ನ ಬಡಿಸುವವರೆಗೂ ಕಾಯಲಾರದ ಹುಡುಗಿ ಅವಳು. ಈಗ ಒಂದು ಕಬ್ಬಿಣದ ಡಬ್ಬಿ ತಣ್ಣಗಾಗಲಿ ಎಂದು ಕಾಯುತ್ತಿದ್ದಳು. ಕಾಲು ಕುಣಿಯುತ್ತಿತ್ತು. ಕೈಯನ್ನು ಹತ್ತಿರ ಒಯ್ಯುತ್ತಿದ್ದಳು, ಬಿಸಿ ತಾಗಿದ ಕೂಡಲೇ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಟೈಲರಮ್ಮ ಎರಡು ಸಲ, “ಸಾಕೇನೋ,” ಎಂದರು. ಅವಳು ಎರಡು ಸಲವೂ ತಲೆ ಅಲ್ಲಾಡಿಸಿದಳು.

ಕೊನೆಗೂ ಅದು ಆರಿತು. ಟೈಲರಮ್ಮ ಪೆಟ್ರೋಲ್ ತುಂಬಿ, ಮುಚ್ಚಳ ಬಿಗಿ ಮಾಡಿ, ಕ್ಯಾನನ್ನು ದೂರ ಇಟ್ಟರು. ಗಡಿಬಿಡಿ ಕಾಕ್ ತಿರುಗಿಸಿದಳು. ಪ್ಲಗ್ ಕಿತ್ತಿಟ್ಟಳು. ಸ್ವಿಚ್ಚು ಹಾಕಿ ಚೋಕ್ ಎಳೆದಳು. ಒಂದು ಕೈ ಮಿಷನ್ನಿನ ಹಿಡಿಗೆ ಊರಿ ಹಗ್ಗ ಎಳೆದಳು.

ಬುಸ್ ಎಂದು ಸುಮ್ಮನಾಯಿತು. ಮತ್ತೆ ಎಳೆದಳು. ಮತ್ತೆ ಬುಸ್. ಮೂರನೆಯ ಸಲ ಟೈಲರಮ್ಮನೂ ಹಿಂದಿನಿಂದ ಕೈ ಕೊಟ್ಟರು. ಜನರೇಟರ್ ಕೆಮ್ಮಿ, ತಡವರಿಸಿ, ಗುಡುಗುಡು ಎಂದಿತು. ಗಡಿಬಿಡಿ ಚೋಕನ್ನು ಮೆಲ್ಲಗೆ ಒಳಕ್ಕೆ ತಳ್ಳಿದಳು. ಸದ್ದು ಒಂದೇ ಸಮ ಆಗುವವರೆಗೆ ಕಾದು ಪ್ಲಗ್ ಹಾಕಿದಳು. ಕೋಣೆಯ ಕಿಟಕಿಯಲ್ಲಿ ಬೆಳಕು ಬಂತು.

ಅಮ್ಮ ಬರುವ ಹೊತ್ತಿಗೆ ಕರೆಂಟ್ ಬಂದು ಬೀದಿದೀಪಗಳೂ ಹತ್ತಿದವು. ಗಡಿಬಿಡಿ ಬೆರಳುಗಳನ್ನು ವಾಪಸ್ ಮುಟ್ಟಿಕೊಂಡು ಬಂದಳು. ಪ್ಲಗ್ ಕಿತ್ತಳು. ಬರಿ ಮಿಷನ್ ಓಡುತ್ತಿದ್ದಾಗ ಪಕ್ಕದಲ್ಲೇ ಕೈಕಟ್ಟಿ ನಿಂತಳು. ಆಮೇಲೆ ಸ್ವಿಚ್ಚು, ಕೊನೆಗೆ ಕಾಕ್.

ಮಾರನೆಯ ದಿನ ಚಿಕ್ಕಮ್ಮ ಆಸ್ಪತ್ರೆಯಿಂದ ಬಂದರು. ಮುಖ ಬಾಡಿತ್ತು, ದನಿ ಸಣ್ಣಗಾಗಿತ್ತು. ಬಂದವರೇ ಮರಿಗಳ ಡಬ್ಬದ ಮುಂದೆ ಕೂತರು. ಒಂದು ಡಬ್ಬ ಇದ್ದದ್ದು ಈಗ ಮೂರಾಗಿತ್ತು. ಒಡೆಯದೆ ಉಳಿದ ಮೊಟ್ಟೆಗಳೂ ಇದ್ದವು.

“ಪ್ಲಗ್ ಕೀಳದೆ ಸ್ವಿಚ್ಚು ಆಫ್ ಮಾಡಿಬಿಟ್ಟೆ ಚಿಕ್ಕಮ್ಮ,” ಎಂದಳು ಗಡಿಬಿಡಿ. “ಬೈತೀಯಾ?”

ಚಿಕ್ಕಮ್ಮ ಅವಳನ್ನು ಹತ್ತಿರ ಎಳೆದುಕೊಂಡರು. ಅವರ ಕಣ್ಣು ತುಂಬಿತ್ತು. ಏನಾದರೂ ಹೇಳಬೇಕಲ್ಲ ಎಂಬಂತೆ ಅಂಗೈ ಚಾಚಿ, ಹೆಬ್ಬೆರಳಿನಿಂದ ಕಿರುಬೆರಳನ್ನು ಮುಟ್ಟಿದರು.

“ಇದು?”

ಗಡಿಬಿಡಿ ಕಿರುಬೆರಳನ್ನು ನೋಡಲಿಲ್ಲ. ಅವರ ಹೆಬ್ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಮೊದಲು ಇದು.”

“ಇದು ಎಣಿಸೋ ಬೆರಳು ಕಣೆ. ಇದನ್ನ ಯಾರಾದರೂ ಎಣಿಸ್ತಾರಾ?”

“ಇದು ಜಾಗ. ಮಿಷನ್ ಎಲ್ಲಿ ಇಟ್ಟಿದ್ದೀವಿ ಅಂತ.”

ಚಿಕ್ಕಮ್ಮ ತಮ್ಮ ಹೆಬ್ಬೆರಳನ್ನು ಹೊಸದಾಗಿ ಕಂಡವರಂತೆ ನೋಡಿದರು.

“ಸರಿ,” ಎಂದರು ಮೆಲ್ಲಗೆ. “ಇದು ಜಾಗ. ಆಮೇಲೆ?”

ಆಮೇಲಿನದು ಗಡಿಬಿಡಿಗೆ ಬಾಯಿಪಾಠವಾಗಿತ್ತು. ಆದರೂ ಅವಳು ಕೂಡಲೇ ಹೇಳಲಿಲ್ಲ. ಚಿಕ್ಕಮ್ಮನ ಹೆಬ್ಬೆರಳು ಬೆಚ್ಚಗಿತ್ತು. ಅದನ್ನು ಹಾಗೇ ಹಿಡಿದುಕೊಂಡು ಕೂತಳು. ಅವಳಿಗೆ ಯಾವ ಅವಸರವೂ ಇರಲಿಲ್ಲ.