ಹತ್ತಕ್ಕೆ ಎರಡು ಅಂಕದ ಪ್ರೇಮಪತ್ರ

ಮೊದಲ ದಿನವೇ ಅವಳು ಅವನ ಮೂರು ನದಿಗಳನ್ನು ಒರೆಸಿ ಹಾಕಿದ್ದಳು!

ಜಗಳೂರಿನ ಒಂದು ಪ್ರೌಢಶಾಲೆ. ೧೯೭೮ರ ಜೂನ್ ತಿಂಗಳು. ಎಂಟನೇ ತರಗತಿಯ ಕಪ್ಪುಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದ ಕರ್ನಾಟಕದ ನಕ್ಷೆ. ಅಂಥಿಂಥ ನಕ್ಷೆಯಲ್ಲ ಅದು. ತುಂಗಭದ್ರೆ ಹರಿಯುವ ಸದ್ದು ಮೂರನೇ ಬೆಂಚಿನವರೆಗೆ ಕೇಳಿಸುತ್ತಿತ್ತು. ಕಾವೇರಿಯ ತಂಪಿಗೆ ಮುಂದಿನ ಬೆಂಚಿನ ಇಬ್ಬರಿಗೆ ನೆಗಡಿಯೇ ಆಗಿತ್ತು. ಇನ್‌ಸ್ಪೆಕ್ಟರು ಬರುತ್ತಾರೆಂದು ಡ್ರಾಯಿಂಗ್ ಮೇಷ್ಟ್ರು ಬೆಳಗಿನ ಐದು ಗಂಟೆಯಿಂದ ನಿಂತು ಬರೆದದ್ದು.

ಹೊಸದಾಗಿ ಬಂದ ಕನ್ನಡ ಟೀಚರ್ ವಾರಿಜಾ ಡಸ್ಟರ್ ಎತ್ತಿಕೊಂಡಳು. ನಾಲ್ಕೇ ಎಳೆತ... ನಕ್ಷೆ ಮಾಯ!

ತಿರುಗಿ ನೋಡಿದರೆ ಬಾಗಿಲಲ್ಲಿ ಅವನು ನಿಂತಿದ್ದ. ಚಿಕ್ಕಹನುಮಂತಪ್ಪ. ಎಲ್ಲರೂ ಹನುಮಂತಪ್ಪ ಮೇಷ್ಟ್ರು ಅನ್ನುತ್ತಿದ್ದರು. ತೆಳ್ಳಗೆ, ಎತ್ತರಕ್ಕೆ, ಬೆರಳುಗಳ ತುಂಬ ನೀಲಿ ಪುಡಿ. ಅವನ ಕಣ್ಣುಗಳು ಹಲಗೆಯನ್ನು ನೋಡಿದವು, ಆಮೇಲೆ ಅವಳನ್ನು. ಸಿಟ್ಟು ಬಂದಿದ್ದರೆ ಅವಳು ಬಚಾವಾಗುತ್ತಿದ್ದಳು. ಅವನಿಗೆ ಸಿಟ್ಟೇ ಬರಲಿಲ್ಲ.

"ಇರ್ಲಿ ಬಿಡ್ರೀ ಮೇಡಂ," ಅಂದ. "ನದಿ ತಾನೆ, ಇನ್ನೊಂದ್ಸಲ ಹರೀತಾವೆ."

ಅಂದು ಇನ್‌ಸ್ಪೆಕ್ಟರು ಖಾಲಿ ಹಲಗೆ ನೋಡಿ ಇಡೀ ಶಾಲೆಯ ಎದುರು ಅವನನ್ನು ಬೈದರು. ಅವನು ಅವಳ ಹೆಸರು ಹೇಳಲಿಲ್ಲ. ವಾರಿಜಾ ಅವನ ಬಳಿ ಹೋಗಿ ತಪ್ಪಾಯಿತು ಅನ್ನಬೇಕೆಂದುಕೊಂಡಳು. ನಾಳೆ... ನಾಡಿದ್ದು... ಹೀಗೆ ಆರು ತಿಂಗಳು ಕಳೆದವು.

ಆ ಶಾಲೆಯಲ್ಲಿ ಪರಊರಿನ ಮೇಷ್ಟ್ರುಗಳದೇ ಒಂದು ಗುಂಪಿತ್ತು. ಡ್ರಿಲ್ ಮಾಸ್ಟರ್ ಪಾಪಣ್ಣ ಹೊನ್ನಾಳಿಯವನು. ಹೊಲಿಗೆ ಕಲಿಸುವ ಶಂಕರಮ್ಮ ಸಂತೇಬೆನ್ನೂರಿನವರು. ಲೆಕ್ಕದ ಯರ್ರಿಸ್ವಾಮಿ ಮೊಳಕಾಲ್ಮೂರಿನ ಕಡೆಯವರು. ಹನುಮಂತಪ್ಪ ನ್ಯಾಮತಿ ಪಕ್ಕದ ಹಳ್ಳಿಯವನು. ಆದರೆ ಉಡುಪಿ ಹತ್ತಿರದಿಂದ ಬಂದ ವಾರಿಜಾಳ ಮುಂದೆ ಇವರೆಲ್ಲ ಮನೆಯ ಮಕ್ಕಳೇ. ಅವಳು "ಉಂಟು" ಅಂದರೆ ಸಾಕು, ಇಡೀ ಸ್ಟಾಫ್ ರೂಮು ಹೊಟ್ಟೆ ಹಿಡಿದುಕೊಳ್ಳುತ್ತಿತ್ತು. ಮೇಡಂ ಬಂದಿದ್ದು ಚೀನಾದಿಂದಂತೆ, ಬಸ್ಸು ಮೂರು ಸಮುದ್ರ ದಾಟಿತಂತೆ ಎಂದು ಪಾಪಣ್ಣ ಮಕ್ಕಳಿಗೂ ಹೇಳಿಕೊಟ್ಟಿದ್ದ.

ಪಾಪಣ್ಣನ ತಮಾಷೆ ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ. ದಸರೆಗೆ ಮುಂಚೆ ಅವಳ ಹೆಸರಿಗೆ ಉಡುಪಿಗೆ ವರ್ಗವಾದ ಆರ್ಡರ್ ಒಂದು ಟೈಪಾಗಿ ಬಂತು, ಮೊಹರಿನ ಸಮೇತ. ಅವಳು ಬಾಡಿಗೆ ಕೋಣೆ ಬಿಟ್ಟಳು. ಟ್ರಂಕು ಕಟ್ಟಿದಳು. ಬಸ್ ಸ್ಟ್ಯಾಂಡಿನಲ್ಲಿ ಟಿಕೆಟ್ ಕೇಳುವಾಗ ಕಂಬದ ಹಿಂದಿನಿಂದ ಐದು ಜನ ಶಿಕ್ಷಕರು ಚಪ್ಪಾಳೆ ತಟ್ಟುತ್ತ ಹೊರಗೆ ಬಂದರು... ಅವತ್ತು ಅವಳು ಅತ್ತ ಅಳುವಿಗೆ ಜಗಳೂರಿನ ಬಾವಿಗಳಲ್ಲಿ ಒಂದು ಮೊಳ ನೀರು ಏರಿತೆಂದರೂ ತಪ್ಪಿಲ್ಲ.

ಇನ್ನು ಮೇಲೆ ಯಾರೂ ನನ್ನನ್ನು ನೋಡಿ ನಗುವ ಹಾಗಿಲ್ಲ... ನಾನೇ ಮೊದಲು ನಗುತ್ತೇನೆ!

ಅಂದು ಅವಳು ಮಾಡಿಕೊಂಡ ಆಣೆಯೇ ಮುಂದಿನದಕ್ಕೆಲ್ಲ ಕಾರಣವಾಯಿತು.

ಡಿಸೆಂಬರ್ ತಿಂಗಳ ಒಂದು ಶನಿವಾರ. ಬೆಳಗಿನ ಶಾಲೆ ಮುಗಿಸಿ ಎಲ್ಲರೂ ಸಂತೇಬೆನ್ನೂರಿಗೆ ಹೋಗುವುದು, ಶಂಕರಮ್ಮನವರ ಅಕ್ಕನ ಮನೆಯಲ್ಲಿ ಉಳಿದು ಭಾನುವಾರ ಸೂಳೆಕೆರೆ ನೋಡಿ ಬರುವುದು ಎಂದು ಗೊತ್ತಾಗಿತ್ತು. ಹೊರಡುವ ಮುನ್ನ ವಾರಿಜಾ ಹಾಜರಿ ಪುಸ್ತಕ ಮುಚ್ಚಲು ಹೋದರೆ ಅದರೊಳಗೊಂದು ಮಡಿಚಿದ ಹಾಳೆ. ಸಹಿ ಇಲ್ಲ.

"ನೀವು ಹಾಜರಿ ಕರೆಯುವಾಗ ಗೋಡೆಯ ಆಚೆ ನಾನು ಪಾಠ ನಿಲ್ಲಿಸುತ್ತೇನೆ. ಮಕ್ಕಳ ಹೆಸರೆಲ್ಲ ಮುಗಿದ ಮೇಲೆ ನನ್ನ ಹೆಸರನ್ನೂ ಕರೆಯುತ್ತೀರೇನೋ ಎಂದು ಕಾಯುತ್ತೇನೆ. ಒಂದು ದಿನ ಕರೆದುಬಿಟ್ಟರೆ ಏನನ್ನಬೇಕೋ ಗೊತ್ತಿಲ್ಲ. ಆದರೂ ಕಾಯುತ್ತೇನೆ..."

ಒಂದು ಕ್ಷಣ, ಒಂದೇ ಒಂದು ಕ್ಷಣ, ಅವಳು ಅದನ್ನು ನಿಜವೆಂದೇ ನಂಬಿದಳು.

ಮರುಕ್ಷಣವೇ ನೆನಪಾಯಿತು. ಗೋಡೆಯ ಆಚೆ ಯಾರು? ಡ್ರಿಲ್ ಸಾಮಾನಿನ ಕೋಣೆ. ಪಾಪಣ್ಣ! ಇದು ಎರಡನೇ ಆರ್ಡರು!

ಅವಳ ತರಗತಿಗೆ ಎರಡು ಪಕ್ಕದ ಗೋಡೆಗಳಿದ್ದವು, ಇನ್ನೊಂದರ ಆಚೆ ಡ್ರಾಯಿಂಗ್ ಕ್ಲಾಸು ನಡೆಯುತ್ತಿತ್ತು ಎಂಬುದು ಆ ಬಡಪಾಯಿಗೆ ಹೊಳೆಯಲೇ ಇಲ್ಲ.

ದಾವಣಗೆರೆಯಿಂದ ಬಸ್ಸು ಕುಲುಕುತ್ತ ಹೊರಟಿತು. ಅವಳು ಕೆಂಪು ಪೆನ್ನು ತೆಗೆದಳು. ಕನ್ನಡ ಟೀಚರ್ ಕೈಗೆ ಕಾಗದ ಸಿಕ್ಕಿದರೆ ಇನ್ನೇನು ಮಾಡಿಯಾಳು? ತಿದ್ದಿದಳು. ಗೆರೆ ಎಳೆದಳು. ಸಂಜೆ ಸಂತೇಬೆನ್ನೂರಿನ ಹೊಂಡದ ಮೆಟ್ಟಿಲುಗಳ ಮೇಲೆ ಎಲ್ಲರೂ ಕಾಲು ಚಾಚಿ ಕುಳಿತಾಗ ಎದ್ದು ನಿಂತಳು. ನೀರಿನ ನಡುವಿನ ಮಂಟಪಕ್ಕೆ ಇಳಿಬಿಸಿಲು ಬಿದ್ದಿತ್ತು. ಒಬ್ಬ ವಿದ್ಯಾರ್ಥಿಯ ಪ್ರಬಂಧ ಮೌಲ್ಯಮಾಪನ ಮಾಡಿದ್ದೇನೆ, ಕೇಳಿ ಅಂದಳು.

ಒಂದೊಂದು ಸಾಲನ್ನೂ ಓದಿದಳು. ಒಂದೊಂದಕ್ಕೂ ಷರಾ ಓದಿದಳು. "ಭಾವ ಹೆಚ್ಚು, ವಿಷಯ ಕಡಿಮೆ." "ಕಾಯುವ ಬದಲು ಪಾಠ ಮಾಡುವುದು." ಕೊನೆಗೆ ದೊಡ್ಡ ದನಿಯಲ್ಲಿ, "ಹತ್ತಕ್ಕೆ ಎರಡು. ಹೆತ್ತವರ ಸಹಿ ಮಾಡಿಸಿ ತರತಕ್ಕದ್ದು."

ಆ ನಗು! ಹೊಂಡದ ಮೀನುಗಳು ಬೆಚ್ಚಿ ಮಂಟಪ ಹತ್ತಿದವು. ಯರ್ರಿಸ್ವಾಮಿಯವರ ಕನ್ನಡಕ ಜಾರಿ ನಾಲ್ಕು ಮೆಟ್ಟಿಲು ಇಳಿಯಿತು. ಶಂಕರಮ್ಮ ಕಣ್ಣೊರೆಸಿಕೊಂಡರು. ಹನುಮಂತಪ್ಪನೂ ನಕ್ಕ. ಎಲ್ಲರಿಗಿಂತ ಜೋರಾಗಿ ನಕ್ಕ.

ಅವಳು ಮಾತ್ರ ಪಾಪಣ್ಣನ ಮುಖವನ್ನೇ ನೋಡುತ್ತಿದ್ದಳು. ಗೆದ್ದೆ... ಈ ಸಲ ಗೆದ್ದೆ!

ರಾತ್ರಿ ಉಳಿಯುವ ಮಾತು ಬಂದಾಗ ಯಾರೂ ಏನೂ ಹೇಳುವ ಮೊದಲೇ ಹನುಮಂತಪ್ಪ, ತನಗೆ ಆ ಊರಿನ ಶಾಲೆಯ ಜಗಲಿಯೇ ಗಾಳಿಗೆ ಚೆನ್ನ ಎಂದು ಹಾಸಿಗೆ ಸುರುಳಿ ಹೆಗಲಿಗೇರಿಸಿದ. ಶಂಕರಮ್ಮನ ಅಕ್ಕನ ಮನೆಯೊಳಗೆ ಅವನ ಜಾತಿಯವರು ಹೋಗುವುದಿಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಬಾಯಿಬಿಟ್ಟು ಹೇಳುವ ಕಷ್ಟವನ್ನು ಅವನು ತಪ್ಪಿಸಿಕೊಟ್ಟ, ಅಷ್ಟೆ. ಊಟಕ್ಕೆ ಕರೆಯುವುದನ್ನು ಯಾರಾದರೂ ಒಬ್ಬರು ಮಾಡುತ್ತಾರೆ ಎಂದು ಎಲ್ಲರೂ ಅಂದುಕೊಂಡರು. ಯಾರೂ ಕರೆಯಲಿಲ್ಲ.

ಭಾನುವಾರ ಬೆಳಗ್ಗೆ ಸೂಳೆಕೆರೆಯ ಏರಿಯ ಮೇಲೆ ಪಾಪಣ್ಣ ವಾರಿಜಾಳ ಪಕ್ಕ ಬಂದು ನಿಂತ. ಅವನ ಮುಖದಲ್ಲಿ ಸೋತವನ ಕಳೆಯೇ ಇರಲಿಲ್ಲ.

"ನಮ್ಮವ್ವನ ಆಣೆ ಮೇಡಂ, ಆ ಕಾಗದ ನಂದಲ್ಲ. ನಾನಾಗಿದ್ರೆ ಅತ್ತರ್ ಹಾಕಿ ಕೊಡ್ತಿದ್ದೆ."

ಅವಳ ಕಾಲ ಕೆಳಗಿನ ಏರಿ ಒಂದಡಿ ಕುಸಿಯಿತು. ಹಾಗಾದರೆ... ಹಾಗಾದರೆ ಅದು ನಿಜವೇ?

ಪಾಪಣ್ಣನಿಗೆ ಆಗಲೇ ಹೊಸ ಆಟ ಹೊಳೆದಿತ್ತು. ಕಳ್ಳ ನಮ್ಮ ನಡುವೆಯೇ ಇದ್ದಾನೆ, ಉಕ್ತಲೇಖನ ಕೊಡೋಣ ಅಂದ. ಗಂಡಸರೆಲ್ಲ ಸಾಲಾಗಿ ಕೂರುವುದು, ಮೇಡಂ ಕಾಗದದ ಮೊದಲ ಸಾಲನ್ನು ಹೇಳುವುದು, ಬರೆದದ್ದನ್ನು ಹೋಲಿಸಿ ಅಕ್ಷರ ಹಿಡಿಯುವುದು. ಎಲ್ಲರಿಗೂ ಬಲು ಹಿಗ್ಗಾಯಿತು. ಹಾಳೆ ಹರಿದು ಹಂಚಿದರು, ಪೆನ್ಸಿಲು ಕೊಟ್ಟರು.

ಡ್ರಾಯಿಂಗ್ ಮಾಸ್ಟರಿಗೂ ಕೊಡಬೇಕಾ ಎಂದು ಯಾರೋ ಕೇಳಿದರು.

"ಅವ್ರು ಬರೆಯಾಕೆ ಹೆಂಗಾಗುತ್ತೆ?" ಅಂದರು ಯರ್ರಿಸ್ವಾಮಿ, ಹೊಗಳುವ ದನಿಯಲ್ಲಿ. "ಅವ್ರಿಗೆ ತಮ್ಮ ಜಾಗ ಗೊತ್ತೈತೆ. ಇವ್ರೇನಾದ್ರೂ ಬರೆದಿದ್ರೆ ಊರೋರು ಕೈ ಮುರೀತಿದ್ರು, ಇಲ್ಲಾ ಕೆಲ್ಸ ಕಳೀತಿದ್ರು."

"ಎಲ್ರಿಗೂ ಒಂದೇ ರೂಲು," ಎಂದು ಪಾಪಣ್ಣ ನಗುತ್ತ ಅವನ ತೊಡೆಯ ಮೇಲೂ ಒಂದು ಹಾಳೆ ಎಸೆದ.

ವಾರಿಜಾ ಮೊದಲ ಪದ ಹೇಳಿದಳು. "ನೀವು..."

ಹನುಮಂತಪ್ಪ ಪೆನ್ಸಿಲನ್ನು ಎಡಗೈಗೆ ತೆಗೆದುಕೊಂಡ.

ಆರು ತಿಂಗಳಿಂದ ಆ ಕೈಗಳನ್ನು ಅವಳು ನೋಡಿದ್ದಳು. ನವಿಲು, ಗುಲಾಬಿ, ನಕ್ಷೆ, ಎಲ್ಲವನ್ನೂ ಬರೆದದ್ದು ಬಲಗೈ. ಅವನ ಎಡಗೈ ಈಗ ಎಳೆಗೂಸಿನ ಕೈಯಂತೆ ಹಾಳೆಯ ಮೇಲೆ ತಡವರಿಸುತ್ತಿತ್ತು. ಅವನು ತಲೆ ಎತ್ತಲಿಲ್ಲ.

ಅಯ್ಯೋ... ಇವನು! ನಿನ್ನೆ ನಗುತ್ತಿದ್ದವನು ಇವನು! ಹಸಿದು ಜಗಲಿಯಲ್ಲಿ ಮಲಗಿದವನು ಇವನು!

ನಾಲ್ಕನೇ ಪದಕ್ಕೆ ಪಾಪಣ್ಣನ ಕತ್ತು ಆ ಕಡೆ ತಿರುಗತೊಡಗಿತು. ಇನ್ನೊಂದು ಉಸಿರು ಕಳೆದರೆ ಅವನು ನೋಡುತ್ತಿದ್ದ, ಕೇಳುತ್ತಿದ್ದ. ಆಮೇಲೆ ಕೈ ಮುರಿಯುವವರೋ, ಕೆಲಸ ಕಳೆಯುವವರೋ, ಯಾರು ಮೊದಲು ಬರುತ್ತಾರೋ ಬರುತ್ತಿದ್ದರು.

"ಬರೀಬೇಡಿ, ಸಾಕು," ಅಂದಳು ವಾರಿಜಾ. "ಆ ಕಾಗದ ನಾನೇ ಬರೆದದ್ದು. ನನಗೆ ನಾನೇ."

ಸೂಳೆಕೆರೆಯ ಅಷ್ಟೂ ನೀರು ಒಮ್ಮೆ ನಿಂತು ನೋಡಿತು.

ಯಾಕೆ ಎಂದು ಶಂಕರಮ್ಮ ಕೇಳಿದರು. ಯಾರೂ ಬರೆಯುವವರಿಲ್ಲವಲ್ಲ, ಅದಕ್ಕೆ ಅಂದಳು. ಎಡಗೈಯಲ್ಲಿ ಬರೆದೆ, ಗುರುತು ಸಿಗಬಾರದೂಂತ ಅಂದಳು. ಸುಳ್ಳು ಹೇಳಲು ಬಾರದವಳು ಒಂದೇ ಉಸಿರಿಗೆ ಹನ್ನೆರಡು ಸುಳ್ಳು ಹೇಳಿದಳು!

ಆಮೇಲಿನ ನಗುವಿಗೆ ಹೋಲಿಸಿದರೆ ಹೊಂಡದ ನಗು ಬರೀ ಕೆಮ್ಮು. ತನಗೆ ತಾನೇ ಪ್ರೇಮಪತ್ರ ಬರೆದುಕೊಂಡ ಹೆಣ್ಣು! ಊಟದ ಗಂಟು ಬಿಚ್ಚುವಾಗ ನಕ್ಕರು, ರೊಟ್ಟಿ ಮುರಿಯುವಾಗ ನಕ್ಕರು. ಮೇಡಂ ಮದುವೆಯೂ ತಮ್ಮ ಜೊತೆ ತಾವೇ ಆಗಲಿ, ಗಂಡಿನ ಕಡೆ ಊಟ ಉಳಿಯುತ್ತದೆ ಅಂದ ಪಾಪಣ್ಣ. ಶಂಕರಮ್ಮ ನಗಲಿಲ್ಲ. ಅದು ಇನ್ನೂ ಕೆಟ್ಟದಾಗಿತ್ತು. ವಯಸ್ಸು ಮೀರಿದರೆ ಕೆಲವರಿಗೆ ಹೀಗಾಗುತ್ತದೆ, ಹೆಡ್‌ಮಾಸ್ಟರಿಗೆ ತಿಳಿಸುವುದು ಒಳ್ಳೆಯದು, ಹೆಣ್ಣುಮಕ್ಕಳಿಗೆ ಪಾಠ ಹೇಳುವವಳಲ್ಲವೇ ಎಂದು ಮೆಲ್ಲಗೆ ಹೇಳಿದರು. ಸೋಮವಾರ ಮೊದಲ ಬೆಲ್ಲು ಹೊಡೆಯುವ ಹೊತ್ತಿಗೆ ಇಡೀ ಜಗಳೂರಿಗೆ ಗೊತ್ತಾಗಿರುತ್ತದೆಂದು ವಾರಿಜಾಳಿಗೆ ಅರ್ಥವಾಯಿತು.

ಹನುಮಂತಪ್ಪ ದೂರದ ಕಲ್ಲಿನ ಮೇಲೆ ಕುಳಿತು ಕೆರೆ ನೋಡುತ್ತಿದ್ದ.

ಮಾತಾಡಬೇಡ... ಸುಮ್ಮನಿರು, ನಿನ್ನ ಕೈ ಉಳಿಯಲಿ. ಹೀಗೆ ಅವಳ ಮನಸ್ಸು ಬೇಡಿಕೊಂಡಿತು. ಅದೇ ಮನಸ್ಸಿನ ಇನ್ನೊಂದು ಮೂಲೆ ಹಲ್ಲು ಕಚ್ಚುತ್ತಿತ್ತು. ಹೇಗೆ ಸುಮ್ಮನಿದ್ದೀಯ, ಕಲ್ಲೇ! ಒಂದು ಮಾತು ಬರುವುದಿಲ್ಲವೇ ನಿನಗೆ...

ಮಧ್ಯಾಹ್ನ ಮೂರಕ್ಕೆ ಚನ್ನಗಿರಿ ಬಸ್ ಸ್ಟ್ಯಾಂಡು. ದಾವಣಗೆರೆ ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು. ಪಾಪಣ್ಣ ವಾರಿಜಾಳ ಚೀಲದಿಂದ ಕಾಗದ ಕಸಿದುಕೊಂಡು, ಬಸ್ಸಿಗೆ ಕಾಯುತ್ತಿದ್ದ ಗುರುತಿಲ್ಲದ ಹೆಂಗಸರಿಗೆ ಓದಿ ಹೇಳಲು ಬೆಂಚು ಹತ್ತಿದ. ಅವರು ಸೆರಗು ಬಾಯಿಗಿಟ್ಟುಕೊಂಡು ವಾರಿಜಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

ಆಗ ಹನುಮಂತಪ್ಪ ಎದ್ದು ಬಂದ. ಪಾಪಣ್ಣನ ಕೈಯಿಂದ ಹಾಳೆ ತೆಗೆದುಕೊಂಡ. ಬೆಂಚಿನ ಮೇಲೆ ಬೋರಲು ಹಾಕಿದ. ಬಲಗೈಯಲ್ಲಿ ಪೆನ್ಸಿಲು ಹಿಡಿದು ಅದರ ಬೆನ್ನಿನ ಮೇಲೆ ಮೊದಲ ಸಾಲನ್ನು ಬರೆದ. ಬಗ್ಗಿಕೊಂಡೇ ನಿಧಾನವಾಗಿ, ದುಂಡಗೆ ಬರೆದ. ಹಾಳೆ ತಿರುವಿದರೆ ಎರಡೂ ಕಡೆ ಒಂದೇ ಕೈಬರಹ.

"ಬರೆದೋನು ನಾನು," ಅಂದ. "ಮೇಡಂ ಸುಳ್ಳು ಹೇಳಿದ್ರು. ಬೆಳಿಗ್ಗೆ ನನಗೆ ಧೈರ್ಯ ಇರ್ಲಿಲ್ಲ. ಈಗ್ಲೂ ಇಲ್ಲ. ಆದ್ರೂ ಬರೆದೋನು ನಾನೇ."

ಯಾರೂ ನಗಲಿಲ್ಲ. ಎರಡು ದಿನದಿಂದ ನಕ್ಕು ನಕ್ಕು ಸುಸ್ತಾದ ಜನಕ್ಕೆ ಈಗ ನಗು ಬೇಕಿತ್ತು, ಬರಲಿಲ್ಲ. ಪಾಪಣ್ಣ ಬೆಂಚಿನಿಂದ ಇಳಿದ. ಯರ್ರಿಸ್ವಾಮಿ, ಇವರು ಇಂಥವರೆಂದು ಗೊತ್ತಿದ್ದರೆ ಜೊತೆಗೆ ಬರುತ್ತಲೇ ಇರಲಿಲ್ಲ ಎಂದು ಗಾಳಿಗೆ ಹೇಳಿದರು. ನಾಳೆಯೇ ಶಾಲಾ ಕಮಿಟಿಯವರ ಹತ್ತಿರ ಹೋಗುವುದು ಗ್ಯಾರಂಟಿ ಅಂದರು. ಶಂಕರಮ್ಮ ತಮ್ಮ ಚೀಲವನ್ನು ವಾರಿಜಾಳ ಚೀಲದ ಪಕ್ಕದಿಂದ ಎತ್ತಿ ಆಚೆ ಇಟ್ಟರು.

"ನೀನು ತಿಳಿದೋಳು ಅಂದ್ಕೊಂಡಿದ್ದೆ," ಅಂದರು. "ನಿಮ್ಮಪ್ಪಂಗೆ ಕಾಗದ ಬರೀತೀನಿ."

"ಬರೀರಿ ಶಂಕರಮ್ಮ. ವಿಳಾಸ ಕೊಡ್ತೇನೆ," ಅಂದಳು ವಾರಿಜಾ. "ಅವರ ಹೆಸರೂ ಸೇರಿಸಿ ಬರೀರಿ. ಚಿಕ್ಕಹನುಮಂತಪ್ಪ, ಡ್ರಾಯಿಂಗ್ ಮೇಷ್ಟ್ರು. ನಾನೇ ಅಪ್ಪನಿಗೆ ಬರೆಯೋಣವೆಂದರೆ ನಾಚಿಕೆಯಾಗ್ತದೆ."

ಹೇಳಿ ಮುಗಿಸಿದ ಮೇಲೆ ತಾನು ಏನು ಹೇಳಿದೆನೆಂದು ಅವಳಿಗೆ ಹೊಳೆಯಿತು. ಅವನಿಗೂ ಹೊಳೆಯಿತು. ಬಸ್ ಸ್ಟ್ಯಾಂಡಿನ ಸೀಲಿಂಗ್ ಫ್ಯಾನು ಕೂಡ ತಿರುಗುವುದನ್ನು ಮರೆಯಿತು!

ಬಸ್ಸು ಬಂತು. ಗುಂಪೆಲ್ಲ ನುಗ್ಗಿ ಮುಂದಿನ ಸೀಟುಗಳಲ್ಲಿ ಒತ್ತಿಕೊಂಡು ಕುಳಿತಿತು. ಇಬ್ಬರ ಸೀಟಿನಲ್ಲಿ ನಾಲ್ವರು ಕುಳಿತರು, ಆದರೆ ಹಿಂದೆ ಯಾರೂ ಬರಲಿಲ್ಲ. ಆರು ಜನ ಕೂರುವ ಕೊನೆಯ ಉದ್ದ ಸೀಟು ಖಾಲಿ. ಅವನು ಒಂದು ಕಿಟಕಿಗೆ ಕುಳಿತ. ಅವಳು ನಡುವೆ ನಾಲ್ಕು ಜನರ ಜಾಗ ಬಿಟ್ಟು ಇನ್ನೊಂದು ಕಿಟಕಿಗೆ ಕುಳಿತಳು. ಸಂತೇಬೆನ್ನೂರು ದಾಟುವ ಹೊತ್ತಿಗೆ ನಡುವೆ ಎರಡು ಜನರ ಜಾಗ ಉಳಿದಿತ್ತು. ಆಮೇಲೆ ಒಬ್ಬರದು.

ಮುಂದಿನಿಂದ ಶಂಕರಮ್ಮ ಆಗಾಗ ತಿರುಗಿ ನೋಡುತ್ತಿದ್ದರು.

"ನಿನ್ನೆ ನೀವು ಎಲ್ಲರಿಗಿಂತ ಜೋರಾಗಿ ನಕ್ಕಿರಿ," ಅಂದಳು ವಾರಿಜಾ, ಕಿಟಕಿಯ ಕಡೆ ನೋಡುತ್ತ.

"ಬೇರೆ ಏನು ಮಾಡಾಕೆ ಬರ್ತಿತ್ತು ಅಲ್ಲಿ."

ಆರು ತಿಂಗಳಿಂದ ಹೇಳಬೇಕಾದದ್ದು, ನಿನ್ನೆ ಹೇಳಬೇಕಾದದ್ದು ಎಲ್ಲ ಒಟ್ಟಿಗೆ ನುಗ್ಗಿ ತುಟಿಯ ಬಾಗಿಲಲ್ಲಿ ಸಿಕ್ಕಿಕೊಂಡವು. ಕೊನೆಗೆ ಹೊರಬಂದದ್ದು ಇಷ್ಟೇ...

"ನನ್ನನ್ನು ಕ್ಷಮಿಸ್ತೀರಾ?"

ಅವನು ಪಕ್ಕದಲ್ಲಿದ್ದ ಹಾಸಿಗೆ ಸುರುಳಿಯನ್ನು ಕಾಲ ಬಳಿ ಇಳಿಸಿದ.

"ಇವತ್ತು ಆಗಲ್ಲ ಮೇಡಂ. ಭಾಳ ನೋವಾಗೈತೆ."

"ನಾಳೆ?"

"ನಾಳೆ ಕಮಿಟಿಯೋರು ಬರ್ತಾರೆ. ಟೈಮ್ ಸಿಗಾಕಿಲ್ಲ."

"ಮತ್ತೆ ಯಾವಾಗ?"

"ಹಿಂಗೇ ದಿನಾ ಕೇಳ್ತಾ ಇದ್ರೆ..." ಎಂದು ಅವನು ಅವಳ ಕಡೆ ತಿರುಗಿದ. "ಒಂದು ಇಪ್ಪತ್ತು ವರ್ಷ ಹಿಡೀಬೋದು."

ವಾರಿಜಾ ಉಳಿದಿದ್ದ ಒಬ್ಬರ ಜಾಗವನ್ನೂ ದಾಟಿ ಬಂದು ಕುಳಿತಳು.

"ಆಯ್ತು," ಅಂದಳು. "ದಿನಾ ಕೇಳ್ತೇನೆ."