ಡಾಕ್ಟರ ಕರಿಗುದುರೆ ಕುಂಟಿದ್ದೇಕೆ?

ಒಂದಾನೊಂದು ಬೆಟ್ಟದ ಬುಡದಲ್ಲಿ ಒಂದು ಕರಿಗುದುರೆ ಇತ್ತಂತೆ. ಯಜಮಾನ ತೀರಿಕೊಂಡ ದಿನ ಅದು ಲಾಯದಲ್ಲಿ ಮಲಗಿದ್ದು, ಯಾರು ಕರೆದರೂ ಏಳಲಿಲ್ಲವಂತೆ. ವರ್ಷಗಳು ಕಳೆದ ಮೇಲೆ ಪರಊರಿನವನೊಬ್ಬ ಬಂದು, "ಏಳು, ಯಜಮಾನ ಬಿಟ್ಟುಹೋದ ಕೆಲಸ ಬಾಕಿ ಇದೆ" ಎಂದು ಅದರ ಕಿವಿಯಲ್ಲಿ ಹೇಳಿದ. ಕುದುರೆ ಎದ್ದಿತು. ಆದರೆ ಬೀದಿಗೆ ಹೊರಡಬೇಕಾದ ದಿನವೇ ಕುಂಟಿತು.

ಅಜ್ಜಿ ರಹಮತ್ ಬಿಯ ಕತೆಗಳನ್ನು ಕೇಳಿಯೇ ಬೆಳೆದ ಗುಲ್ಷನ್‌ಗೆ ಆ ಶನಿವಾರ ಎಲ್ಲ ಹಾಗೇ ಕಂಡಿತು. ಬೆಟ್ಟ ಮಧುಗಿರಿಯದು. ಯಜಮಾನರು ಡಾಕ್ಟರ್ ವೆಂಕಟರಾಮಯ್ಯನವರು. ಕುದುರೆ ಅವರ ಕಪ್ಪು ಕಾರು, ಎರಡನೆಯ ಮಹಾಯುದ್ಧಕ್ಕೂ ಮುಂಚಿನದು. ಅದನ್ನು ಎಬ್ಬಿಸಿದವನು ಅವಳ ಅಬ್ಬಾ, ಶಿರಾದ ಮೆಕ್ಯಾನಿಕ್ ಇಸಾಕ್.

ಹೆರಿಗೆಗೆ ಕಷ್ಟಪಡುವ ಹೆಂಗಸರನ್ನು ಹಳ್ಳಿಗಳಿಂದ ಕರೆತರಲು ಡಾಕ್ಟರು ಆ ಕಾರು ಇಟ್ಟಿದ್ದರು. ಅದು ಮತ್ತೆ ಅದೇ ಕೆಲಸ ಮಾಡಬೇಕೆಂದು ಅವರ ಹೆಂಡತಿ ಗಂಗಲಕ್ಷ್ಮಮ್ಮ ಇಸಾಕನನ್ನು ಕರೆಸಿದ್ದರು. "ಓಡಿಸಿ ಕೊಡ್ತೀನಿ ಅಮ್ಮಾ, ಇದು ನನ್ನ ಮಾತು" ಎಂದಿದ್ದ ಅವನು. ಮೊದಲ ಸವಾರಿ ಮಿಡಿಗೇಶಿ ಕಡೆಯ ಬಸುರಿ ಲಕ್ಕಮ್ಮನಿಗೆ. ಹಿಂದಿನ ಸಲ ಆಸ್ಪತ್ರೆಗೆ ಬರುವ ದಾರಿಯಲ್ಲಿ, ಎತ್ತಿನ ಗಾಡಿಯಲ್ಲೇ, ಅವಳ ಮಗು ಸತ್ತಿತ್ತು. ಈ ಸಲ ನೋವು ಬರುವ ಮುಂಚೆಯೇ ಕರೆತಂದು ಸೇರಿಸಬೇಕೆಂದು ಆಸ್ಪತ್ರೆಯ ಲೇಡಿ ಡಾಕ್ಟರು ಹೇಳಿದ್ದರು.

ಇಸಾಕ್ ಜಾಲಿಮರದ ಅಂಟಿನ ಹಾಗೆ ಗಟ್ಟಿಯಾಗಿದ್ದ ಹಳೇ ಪೆಟ್ರೋಲನ್ನು ಕೆರೆದು ತೆಗೆದ. ಕಾರ್ಬುರೇಟರ್ ಬಿಚ್ಚಿ ತೊಳೆದ. ಸೈಲೆನ್ಸರಿನಿಂದ ಇಲಿಗೂಡು ಎಳೆದು ಹಾಕಿದ. ಗುರುವಾರ ಇಂಜಿನ್ ಎದ್ದಾಗ ಅದರ ಸದ್ದು ಹೊಟ್ಟೆ ತುಂಬಿದ ಬೆಕ್ಕಿನ ಗುರುಗುರುವಿನಂತೆ ಇತ್ತು. ಗುಲ್ಷನ್ ತನ್ನ ಕಿವಿಯಾರೆ ಕೇಳಿದ್ದಳು.

ಶನಿವಾರ ಅಂಗಳದ ತುಂಬ ಜನ. ಲಕ್ಕಮ್ಮನ ಗಂಡ ಸಣ್ಣರಂಗಯ್ಯ ಹಾಸಿಗೆ ಸುತ್ತಿಕೊಂಡು ಬಂದು ನಿಂತಿದ್ದ. ಇಸಾಕ್ ಕಾರಿನ ಮೂತಿಗೆ ಹ್ಯಾಂಡ್ಲು ಸಿಕ್ಕಿಸಿ ತಿರುಗಿಸಿದ. ಕಾರು ಎದ್ದಿತು, ಆದರೆ ಚಳಿಜ್ವರ ಬಂದವರಂತೆ ನಡುಗಿತು. ಮೂತಿಯಿಂದ ಫಟ್ ಫಟ್ ಎಂದು ಸಿಡಿಯಿತು.

"ಇಲಿ ಇನ್ನೂ ಐತೇನೋ" ಎಂದರು ಯಾರೋ. "ಪೆಟ್ರೋಲ್ನಾಗೆ ನೀರು ಸೇರೈತೆ" ಎಂದ ಕಾವಲಿನ ಅಡವಯ್ಯ.

"ಇಲಿಯೂ ಅಲ್ಲ, ನೀರೂ ಅಲ್ಲ" ಎಂದರು ಜಯರಾಮಯ್ಯ, ಗಂಗಲಕ್ಷ್ಮಮ್ಮನ ಅಕ್ಕನ ಮಗ, ಕೋರ್ಟಿನ ವಕೀಲರು. "ಬಲದಿಂದ ಎಡಕ್ಕೆ ಓದೋ ಸಾಬಿ ಕೈಗೆ ಕೊಟ್ಟರೆ ತಂತಿಗಳನ್ನೂ ಉಲ್ಟಾ ಹಾಕ್ತಾನೆ! ಚಿಕ್ಕಮ್ಮ, ಕಾರು ನನಗೆ ಕೊಟ್ಟುಬಿಡಿ. ತುಮಕೂರಿಗೆ ಒಯ್ದು ಸರಿಮಾಡಿಸ್ತೀನಿ."

ಜನ ಗೊಳ್ಳೆಂದು ನಕ್ಕರು. ಗುಲ್ಷನ್‌ಳ ಮೈಯೆಲ್ಲ ಉರಿಯಿತು. "ಉರ್ದುವಿನಲ್ಲಿ ಅಕ್ಷರ ಬಲದಿಂದ ಎಡಕ್ಕೆ, ಅಂಕಿ ನಿಮ್ಮ ಹಾಗೇ ಎಡದಿಂದ ಬಲಕ್ಕೆ! ಗೊತ್ತಿಲ್ಲದಿದ್ದರೆ ಕೇಳಿ, ನಗಬೇಡಿ" ಎಂದಳು.

ಸಣ್ಣರಂಗಯ್ಯ ಮೆಲ್ಲಗೆ ಕೇಳಿದ: "ಅಂಗಾದ್ರೆ ಗಾಡೀನೇ ಕಟ್ಕಂಡ್ ಬರ್ಲಾ, ಅಮ್ಮಾವ್ರೆ?"

ಆ ಮಾತಿಗೆ ನಗು ನಿಂತಿತು. ಗುಲ್ಷನ್ ಬೀದಿಗೆ ಓಡಿ, ಪಾಪಕ್ಕ ಟೀಚರನ್ನು ಕೈಹಿಡಿದು ಕರೆತಂದಳು.

ಪಾಪಕ್ಕ ನಿವೃತ್ತ ಹೆಡ್‌ಮಿಸ್ಟ್ರೆಸ್. ಮಧುಗಿರಿಯಲ್ಲಿ ಏನು ಕಳೆದರೂ ಜನ ಪೊಲೀಸ್ ಠಾಣೆಗಿಂತ ಮೊದಲು ಅವರ ಜಗಲಿಗೆ ಹೋಗುತ್ತಿದ್ದರು. ಬೀದಿಯ ಚಿಕ್ಕ ಮಕ್ಕಳಿಗೆ ಪಾಠ ಹೇಳಿಕೊಡುತ್ತ ಅವರ ಮನೆಯಲ್ಲೇ ತಂಗಿದ್ದ ಗುಲ್ಷನ್ ಇಂಥ ಎಷ್ಟೋ ಪತ್ತೆಗಳಿಗೆ ಜೊತೆಯಾಗಿದ್ದಳು.

"ಇಸಾಕ್ ಸಾಬ್ರೇ, ಕುದುರೆಯ ಯಾವ ಕಾಲು ಕುಂಟುತ್ತೆ?" ಪಾಪಕ್ಕ ನಶ್ಯದ ಡಬ್ಬಿ ಮುಚ್ಚುತ್ತ ಕೇಳಿದರು.

ಇಸಾಕ್ ಕಿಡಿ ಕೊಡುವ ಪ್ಲಗ್ಗುಗಳ ನಾಲ್ಕು ತಂತಿಗಳನ್ನು ಒಂದೊಂದಾಗಿ ಕಿತ್ತು ತೋರಿಸಿದ. ಒಂದನೆಯದನ್ನೋ ನಾಲ್ಕನೆಯದನ್ನೋ ಕಿತ್ತರೆ ಇಂಜಿನ್ ಉಸಿರು ಕಟ್ಟುತ್ತಿತ್ತು. ನಡುವಿನ ಎರಡನ್ನು ಕಿತ್ತರೆ ಏನೂ ವ್ಯತ್ಯಾಸವಿಲ್ಲ. "ನಡುವಿನವು ಎರಡೂ ಸತ್ತಿವೆ ಅಕ್ಕಾ. ಪ್ಲಗ್ ಬದಲಾಯಿಸಿದೆ, ಆದರೂ ಇಲ್ಲ."

"ಯಾವ ತಂತಿ ಯಾವುದಕ್ಕೆ ಅಂತ ನಿಮಗೆ ಹೆಂಗೆ ಗೊತ್ತು?"

"ದಾರ ಕಟ್ಟಿರ್ತೀನಿ. ಮೂತಿ ಕಡೆಯಿಂದ ಮೊದಲನೆಯದಕ್ಕೆ ಒಂದು ಗಂಟು, ಎರಡನೆಯದಕ್ಕೆ ಎರಡು. ಬೆರಳಿಗೇ ಗೊತ್ತಾಗುತ್ತೆ. ವಕೀಲರೂ ಬುಧವಾರ ಕೇಳಿದರು, ಹೇಳಿಕೊಟ್ಟೆ. ಈಗಲೂ ಎಲ್ಲ ಸರಿಯಾಗೇ ಇದೆ, ನೋಡಿ. ನಾನೇ ಎಲ್ಲೋ..." ಎಣ್ಣೆಮೆತ್ತಿದ ಅಬ್ಬಾನ ಕೈಗಳು ಮೊದಲ ಸಲ ತಮ್ಮನ್ನೇ ನಂಬದೆ ನಿಂತಿದ್ದನ್ನು ಗುಲ್ಷನ್ ಕಂಡಳು.

ಪಾಪಕ್ಕ ಬಗ್ಗಿ ನಾಲ್ಕು ದಾರಗಳನ್ನೂ ಬೆರಳಿನಿಂದ ಮುಟ್ಟಿದರು. ನಡುವಿನ ಎರಡರ ಗಂಟನ್ನು ಇನ್ನೊಮ್ಮೆ ಸವರಿ ನೋಡಿದರು. ನೆಟ್ಟಗೆ ನಿಂತಾಗ ಅವರ ಮೂಗು ಕೋಪಕ್ಕೆ ಕೆಂಪಾಗಿತ್ತು, ನಶ್ಯಕ್ಕಲ್ಲ.

"ಅಡವಯ್ಯ, ನಿನ್ನೆ ಕಾರಿನ ಷೆಡ್ಡಿಗೆ ಯಾರ್‍ಯಾರು ಬಂದಿದ್ದರು?"

"ನಾನು ಮಾವಿನ ತೋರಣ ಕಟ್ದೆ ಕಣಮ್ಮ. ಆಮ್ಯಾಕೆ ವಕೀಲ್ರು ಕಾರಿಗೆ ಕುಂಕುಮ ಇಕ್ಕೋಕೆ ಅಂತ ಬಂದ್ರು. ಇನ್ಯಾರೂ ಬಂದಿಲ್ಲ. ಅವ್ರು ಹೋದ್ಮ್ಯಾಕೆ ಬೀಗ ಹಾಕ್ದೆ, ಬೀಗದ ಕೈ ಅಮ್ಮಾವ್ರ ಸೊಂಟದಾಗೇ ಇತ್ತು."

"ಸರಿ. ಎಲ್ಲರೂ ಇಲ್ಲೇ ಇರಿ. ದೃಷ್ಟಿ ತಾಕಿರಬೇಕು, ನಿಂಬೆಹಣ್ಣು ಕಟ್ಟಿಬಿಡೋಣ. ಜಯರಾಮಯ್ಯನವರೇ, ಈ ಮನೆ ಮಗ ನೀವು, ನೀವೇ ಕಟ್ಟಿ."

ಜಯರಾಮಯ್ಯ ನಗುತ್ತ ಮುಂದಿನ ಬಂಪರಿಗೆ ನಿಂಬೆಹಣ್ಣಿನ ದಾರ ಸುತ್ತಿ, ಸರಸರನೆ ಬಿಗಿದರು. ಪಾಪಕ್ಕ ದಾರದ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದರು. ಗಂಟು ಸರ್‍ರನೆ ಬಿಚ್ಚಿತು. ನಿಂಬೆಹಣ್ಣು ನೆಲಕ್ಕೆ ಉರುಳಿತು.

"ಜಾರುಗಂಟು" ಎಂದರು ಪಾಪಕ್ಕ. "ಕೋರ್ಟಿನ ಕಡತಕ್ಕೆ ಹಾಕೋ ಗಂಟು. ಜಡ್ಜಿ ಕೇಳಿದ ತಕ್ಷಣ ಬಿಚ್ಚಬೇಕಲ್ಲ! ದಿನಾ ಹಾಕಿ ಹಾಕಿ ಕೈಗೆ ಇನ್ನೊಂದು ಬರೋದಿಲ್ಲ. ಈಗ ಇಲ್ಲಿ ನೋಡಿ."

ಮೊದಲ ತಂತಿಯ ದಾರವನ್ನು ಎಳೆದರು, ಬಿಚ್ಚಲಿಲ್ಲ. ನಾಲ್ಕನೆಯದೂ ಬಿಚ್ಚಲಿಲ್ಲ. ನಡುವಿನ ಎರಡೂ ಒಂದೇ ಜಗ್ಗಿಗೆ ಕೈಗೆ ಬಂದವು.

"ನಾನು ಜಾರುಗಂಟು ಹಾಕೋದೇ ಇಲ್ಲ!" ಇಸಾಕ್ ಕೂಗಿದ. "ಇಂಜಿನ್ ನಡುಗಿದರೆ ಬಿಚ್ಚಿಹೋಗುತ್ತೆ."

"ಅಡವಯ್ಯನೂ ಹಾಕೋದಿಲ್ಲ. ಅವನ ತೋರಣ ಮುಟ್ಟಿ ನೋಡಿ, ಎತ್ತು ಕಟ್ಟೋ ಕಗ್ಗಂಟು. ಉಳಿದವರು ಯಾರು? ನಡುವಿನ ತಂತಿಗಳನ್ನು ಅದಲುಬದಲು ಮಾಡಿ, ದಾರಗಳನ್ನೂ ಬದಲಿಸಿ ಕಟ್ಟಿದ್ದಾರೆ, ತಪ್ಪು ಇಸಾಕರದೇ ಅನ್ನಿಸಲಿ ಅಂತ."

"ಊಹೆ! ಬರೀ ಊಹೆ!" ಎಂದರು ಜಯರಾಮಯ್ಯ.

"ಎಲ್ಲರೂ ಇಲಿ, ನೀರು ಅಂತಿದ್ದಾಗ, ಬಾನೆಟ್ ತೆಗೆಯೋ ಮುಂಚೆಯೇ ನೀವು ತಂತಿ ಅಂದಿರಂತೆ. ಗುಲ್ಷನ್ ದಾರಿಯಲ್ಲೇ ಹೇಳಿದಳು. ಇಸಾಕ್ ಸಾಬ್ರೇ, ನಾಲ್ಕು ತಂತಿಯೂ ಉಲ್ಟಾ ಆಗಿದ್ದರೆ?"

"ಇಂಜಿನ್ ಏಳೋದೇ ಇಲ್ಲ ಅಕ್ಕಾ."

"ಕೇಳಿದಿರಾ? ಎದ್ದು ಕುಂಟಿತು ಅಂದರೆ ಎರಡೇ ಬದಲಾಗಿವೆ. ಉಲ್ಟಾ ಓದೋರ ಕತೆ ಕಟ್ಟೋದಾದರೆ ಅದನ್ನಾದರೂ ಸರಿಯಾಗಿ ಕಟ್ಟಬೇಕಿತ್ತು!"

ಗಂಗಲಕ್ಷ್ಮಮ್ಮ ಕಂಬ ಹಿಡಿದು ಎದ್ದರು. "ತಾಲ್ಲೂಕು ಬೋರ್ಡ್ ಎಲೆಕ್ಷನ್ನಿಗೆ ಊರೂರು ತಿರುಗೋಕೆ ಕಾರು ಕೇಳಿದ್ದ. ಕೊಡಲ್ಲ ಅಂದಿದ್ದೆ. ಅದಕ್ಕೇನೋ ಜಯರಾಮ?"

ವಕೀಲರು ಬೀದಿಯ ಬಾಗಿಲ ಕಡೆಗೆ ಒಂದು ಹೆಜ್ಜೆ ಇಟ್ಟರು.

"ಒಂದು ಮಗು ಗಾಡಿಯಲ್ಲಿ ಸತ್ತಿದ್ದು ನಿಮಗೆ ಗೊತ್ತಿತ್ತು" ಎಂದರು ಪಾಪಕ್ಕ. "ಇನ್ನೊಂದೂ ಸಾಯಲಿ ಅಂತಲೇ? ಹಾರ ಹಾಕಿಸಿಕೊಂಡು ಮೆರೆಯೋಕೆ? ಮರ್ಯಾದಸ್ಥನೊಬ್ಬನ ಜಾತಿ ಎತ್ತಿ ನಗಿಸಿದಿರಲ್ಲ, ಆ ನಕ್ಕವರಿಗೂ ನಾಚಿಕೆಯಾಗಬೇಕು!"

ನಕ್ಕವರೆಲ್ಲ ನೆಲ ನೋಡಿದರು.

ಇಸಾಕ್ ಆಗಲೇ ತಂತಿಗಳನ್ನು ಅವುಗಳ ಜಾಗಕ್ಕೆ ಸಿಕ್ಕಿಸಿ, ದಾರಗಳನ್ನು ತನ್ನ ಗಂಟಿನಿಂದ ಬಿಗಿದಿದ್ದ. ಹ್ಯಾಂಡ್ಲು ಎತ್ತಲು ಬಗ್ಗಿದವನನ್ನು ಗಂಗಲಕ್ಷ್ಮಮ್ಮ ತಡೆದರು. "ನೀನು ಕೂತ್ಕೋ ಇಸಾಕ್. ಅವನು ತಿರುಗಿಸಲಿ. ಆಮೇಲೆ ಈ ಹೊಸಿಲು ದಾಟಿ ಹೋಗಲಿ, ಮತ್ತೆ ಬರೋದು ಬೇಡ."

ಬಿಳಿ ಪಂಚೆಯ ಜಯರಾಮಯ್ಯ ಊರೆದುರು ಬಗ್ಗಿ ಹ್ಯಾಂಡ್ಲು ತಿರುಗಿಸಿದರು. ಇಂಜಿನ್ ಎದ್ದಿತು, ಹೊಟ್ಟೆ ತುಂಬಿದ ಬೆಕ್ಕಿನ ಅದೇ ಸದ್ದು. "ಹತ್ತಪ್ಪಾ ಸಣ್ಣರಂಗಯ್ಯ" ಎಂದ ಇಸಾಕ್. ಗುಲ್ಷನ್ ಹಾಸಿಗೆಯನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತಳು.

ಮಿಡಿಗೇಶಿ ರಸ್ತೆಯ ಗುಂಡಿಗಳಲ್ಲಿ ಕರಿಗುದುರೆ ತೂಗಿತು, ಕುಂಟಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಅದು ಬೆಟ್ಟದ ನೆರಳಿಗೆ ತಿರುಗಿ, ಆಸ್ಪತ್ರೆಯ ಬಾಗಿಲಲ್ಲಿ ನಿಂತಿತು. ಲಕ್ಕಮ್ಮ ಗುಲ್ಷನ್‌ಳ ಭುಜ ಹಿಡಿದು, ತನ್ನ ಕಾಲ ಮೇಲೆ ತಾನೇ ಮೆಟ್ಟಿಲು ಹತ್ತಿದಳು. ಅವಳು ಒಳಗೆ ಹೋದ ಮೇಲೆ ಇಸಾಕ್ ಇಂಜಿನ್ ಆರಿಸಿದ.